ಕಂಬಳಿ ಹಾಸಿದ ಗುರುವಾರ

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಚಳ್ಳಕೆರೆಯ ನಮ್ಮ ಕಚೇರಿಯ ಗೋಡೆ ಗಡಿಯಾರವನ್ನು ಯಾರೂ ನಂಬುತ್ತಿರಲಿಲ್ಲ, ನಾನು ನೋಡಿಕೊಂಡದ್ದು ನನ್ನ ಕೈಗಡಿಯಾರ. ಆ ಹೊತ್ತಿಗೆ ಸರಿಯಾಗಿ ಬೀರುವಿನಿಂದ ಒಂದು ಕರಿ ಕಂಬಳಿ ತೆಗೆದು ನೆಲಕ್ಕೆ ಹಾಸಿದೆ. ಅಷ್ಟೇ ನಾನು ಮಾಡಿದ್ದು. ನನ್ನ ಇಡೀ ನೌಕರಿಯಲ್ಲಿ ಅದಕ್ಕಿಂತ ದೊಡ್ಡ ಎಡವಟ್ಟನ್ನು ನಾನು ಮಾಡಲಿಲ್ಲ. ಹಾಸುವಾಗ ಮನಸ್ಸಿನಲ್ಲಿದ್ದದ್ದು ತಣ್ಣನೆ ಸಿಮೆಂಟ್ ನೆಲದ ಮೇಲೆ ಕೂತು ಜನರಿಗೆ ಮೊಣಕಾಲು ನೋಯಬಾರದು ಎಂಬ ಒಂದೇ ಯೋಚನೆ.

ಇಲಾಖೆಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಈಗಲೂ ನನ್ನನ್ನು ನೋಡಲು ಬರುತ್ತಾರೆ. ಹೇಗೆ ಮೇಲೆ ಬಂದಿರಿ ಮೇಡಂ ಎಂದು ಕೇಳುತ್ತಾರೆ. ನನ್ನ ಬಡ್ತಿಗಳು ಸೇವಾ ಪುಸ್ತಕದಲ್ಲಿವೆ, ಅವುಗಳಲ್ಲಿ ಓದುವಂಥದ್ದೇನೂ ಇಲ್ಲ. ಓದುವಂಥದ್ದು ಈ ಕಂಬಳಿಯ ವಿಷಯ. ಇದನ್ನು ಹೇಳುವಾಗ ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಆದರೆ ನಡುವೆ ಒಂದು ಕಡೆ ನನ್ನ ಬಲಗೈ ತಾನಾಗಿಯೇ ಕಿವಿಯ ಹತ್ತಿರ ಹೋಗುತ್ತದೆ. ಅದು ಯಾಕೆ ಎಂದು ಮುಂದೆ ತಿಳಿಯುತ್ತದೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಊರಾಚೆಯ ಒಂದು ನೂಲಿನ ಗಿರಣಿ ಮುಚ್ಚಿಹೋಗಿತ್ತು. ಹಾಗೆ ಮುಚ್ಚಿದ ಗಿರಣಿಯ ಕಾರ್ಮಿಕರಿಗೆ ಮೂರು ವರ್ಷ ಸರ್ಕಾರದಿಂದ ಪರಿಹಾರ ಬರುತ್ತಿತ್ತು. ಮೊದಲ ವರ್ಷ ಸಂಬಳದ ಮುಕ್ಕಾಲು ಪಾಲು, ಎರಡನೇ ವರ್ಷ ಅರ್ಧ, ಮೂರನೇ ವರ್ಷ ಕಾಲು. ಜನ ಅದನ್ನು 'ಕುಂತಿದ್ ದುಡ್ಡು' ಎನ್ನುತ್ತಿದ್ದರು. ಕೆಲಸವಿಲ್ಲದೆ ಕುಳಿತಿದ್ದಕ್ಕೆ ಬರುವ ದುಡ್ಡು. ಆದರೆ ಪ್ರತಿ ಆರು ತಿಂಗಳಿಗೊಮ್ಮೆ ಕಚೇರಿಗೆ ಬಂದು, ಬೇರೆ ಕಡೆ ಕೆಲಸಕ್ಕೆ ಸೇರಿಲ್ಲ ಎಂದು ಹೇಳಿಕೆ ಕೊಟ್ಟು ಹೆಬ್ಬೆಟ್ಟು ಒತ್ತಬೇಕಿತ್ತು.

ನಿಜ ಸಂಗತಿ ಎಲ್ಲರಿಗೂ ಗೊತ್ತಿತ್ತು. ಸುಮ್ಮನೆ ಕುಳಿತವರು ಯಾರೂ ಇರಲಿಲ್ಲ. ಮೂರು ಮಕ್ಕಳಿರುವ ಹೆಂಗಸು ಅರ್ಧ ಸಂಬಳ ನೆಚ್ಚಿಕೊಂಡು ಹೇಗೆ ಸುಮ್ಮನಿರುತ್ತಾಳೆ? ಶೇಂಗಾ ಸುಲಿಯುತ್ತಿದ್ದರು, ಹುಣಸೆಹಣ್ಣು ಬಡಿಯುತ್ತಿದ್ದರು, ಮೊಳಕಾಲ್ಮೂರಿನ ರೇಷ್ಮೆ ಮಗ್ಗದವರಿಗೆ ಲಾಳಿಯ ಪುಟ್ಟ ಕೊಳವೆಗೆ ಎಳೆ ಹಾಕಿ ಕಂಡಿಕೆ ಸುತ್ತಿಕೊಡುತ್ತಿದ್ದರು. ನನಗಿಂತ ಹಿಂದೆ ಆ ಮೇಜಿನಲ್ಲಿದ್ದ ಗುಮಾಸ್ತರು ಇದಕ್ಕೊಂದು ಸುಲಭ ದಾರಿ ಮಾಡಿಕೊಂಡಿದ್ದರು. 'ಇತರೆ ಕೆಲಸ' ಎಂಬ ಅಂಕಣದಲ್ಲಿ ಹಿಂದಿನ ದಿನವೇ ಕೂತು ಎಲ್ಲರ ಹೆಸರಿನ ಮುಂದೆ 'ಇಲ್ಲ' ಎಂದು ಬರೆದಿಟ್ಟು, ಮರುದಿನ ಬರೀ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದರು. ಹನ್ನೊಂದಕ್ಕೆಲ್ಲ ಕೆಲಸ ಮುಗಿದು ಟೀ ಬರುತ್ತಿತ್ತಂತೆ.

ನಾನು ಮಂಡ್ಯ ಕಡೆಯವಳು. ಬಿ.ಎ. ಮಾಡಿ, ಪರೀಕ್ಷೆ ಬರೆದು, ಚಳ್ಳಕೆರೆಗೆ ಬಂದು ಎರಡೇ ತಿಂಗಳಾಗಿತ್ತು. ಕೇಳದೆ 'ಇಲ್ಲ' ಎಂದು ಬರೆಯುವುದು ನನಗೆ ಅನ್ಯಾಯವಾಗಿ ಕಂಡಿತು. ಪ್ರತಿಯೊಬ್ಬರನ್ನೂ ಕೂರಿಸಿಕೊಂಡು ಕೇಳಿಯೇ ಬರೆಯಬೇಕೆಂದು ನಿರ್ಧರಿಸಿದೆ. ಹೊಸ ನೌಕರರ ಮೈಯಲ್ಲಿ ಇರುವ ಈ ಉತ್ಸಾಹ ಬಹಳ ಅಪಾಯಕಾರಿ. ನಿಮಗೂ ಇರುತ್ತದೆ, ಅದಕ್ಕೇ ಹೇಳುತ್ತಿದ್ದೇನೆ.

ಆ ಗುರುವಾರ ಕಚೇರಿಯಲ್ಲಿ ಬೆಂಚುಗಳಿರಲಿಲ್ಲ. ಚುನಾವಣೆ ಕೆಲಸಕ್ಕೆಂದು ಯಾರೋ ಒಯ್ದಿದ್ದರು. ನಮ್ಮ ಅಧಿಕಾರಿ ಮಹಾದೇವಪ್ಪನವರು ಸಭೆಗೆಂದು ಚಿತ್ರದುರ್ಗಕ್ಕೆ ಹೋಗಿದ್ದರು. ಜವಾನ ಕರೀಂ ಸಾಬರು ಖಜಾನೆಗೆ ಹೋಗಿದ್ದರು. ಹೊರಗೆ ಮೂವತ್ತೆಂಟು ಜನ ಕಾಯುತ್ತಿದ್ದರು. ಹಿಂದೆ ಇದ್ದ ಅಧಿಕಾರಿಯೊಬ್ಬರಿಗೆ ಸನ್ಮಾನದಲ್ಲಿ ಹೊದಿಸಿದ್ದ ಕಂಬಳಿ ಬೀರುವಿನಲ್ಲಿ ಮಡಿಚಿದಂತೆಯೇ ಇತ್ತು. ಅದನ್ನು ಹಾಸಿದೆ. ಕುಡಿಯಲು ನೀರಿರಲಿ ಎಂದು ಹಿತ್ತಾಳೆ ಚೊಂಬನ್ನು ತುಂಬಿಸಿ ನಡುವೆ ಇಟ್ಟೆ. ಕರೀಂ ಸಾಬರ ಸೋದರಳಿಯನ ಮದುವೆಯಿಂದ ಬಂದ ಎಲೆ ಅಡಿಕೆ ಒಂದು ತಟ್ಟೆಯಲ್ಲಿತ್ತು. ಜನರಿಗೆ ಬೇಜಾರಾಗದಿರಲಿ ಎಂದು ಅದನ್ನೂ ಚೊಂಬಿನ ಪಕ್ಕ ಇಟ್ಟೆ. ಕಂಬಳಿಯ ಈಚೆ ಕಡೆ ಮಣೆ ಹಾಕಿಕೊಂಡು, ತಗ್ಗು ಡೆಸ್ಕಿನ ಮೇಲೆ ರಿಜಿಸ್ಟರ್ ಬಿಡಿಸಿ ಕೂತೆ. ಎಷ್ಟು ಚೆನ್ನಾಗಿ ವ್ಯವಸ್ಥೆ ಮಾಡಿದೆ ಎಂದು ನನಗೇ ಹೆಮ್ಮೆಯಾಯಿತು.

ಮೊದಲು ಬಂದವಳು ಓಬಮ್ಮ. ಐವತ್ತರ ಹತ್ತಿರದ, ಗಟ್ಟಿ ದನಿಯ ಹೆಂಗಸು, ಗಿರಣಿಯಲ್ಲಿ ಹದಿನೆಂಟು ವರ್ಷ ದುಡಿದವಳು. ಬಾಗಿಲಲ್ಲೇ ನಿಂತು ಒಳಗೆ ನೋಡಿದಳು. ಚಪ್ಪಲಿ ಬಿಟ್ಟಳು. ವಾಪಸ್ ಹೋಗಿ ಹೊರಗಿನ ನಲ್ಲಿಯಲ್ಲಿ ಕಾಲು ತೊಳೆದು ಬಂದಳು. ಸೆರಗನ್ನು ತಲೆಗೆ ಹೊದ್ದು, ಕಂಬಳಿ ಬಿಟ್ಟು ಬರೀ ಸಿಮೆಂಟಿನ ಮೇಲೆ ಕೂತಳು. ಸರ್ಕಾರಿ ಕಚೇರಿಗೆ ಎಂಥ ಮರ್ಯಾದೆ ಎಂದುಕೊಂಡೆ.

"ಓಬಮ್ಮ, ಕಂಬಳಿ ಮೇಲೆ ಕೂತ್ಕೊಳಮ್ಮ."

"ಅಯ್ಯೋ, ಬ್ಯಾಡ ಬಿಡ್ರಿ ತಾಯಿ. ನೆಲ ಐತಲ್ಲ."

"ಗಿರಣಿ ಮುಚ್ಚಿದ ಮೇಲೆ ಬೇರೆ ಏನಾದ್ರೂ ಕೆಲಸ ಮಾಡ್ತಿದೀಯಾ?"

ಆಕೆ ಚೊಂಬು ನೋಡಿದಳು, ನನ್ನನ್ನು ನೋಡಿದಳು. "ಹೇಳ್ಬೇಕಾ?"

"ಹೇಳ್ಬೇಕು."

"ಇಲ್ಲೇ ಹೇಳ್ಬೇಕಾ?"

"ಇಲ್ಲಲ್ಲದೆ ಇನ್ನೆಲ್ಲಿ ಹೇಳ್ತೀಯಾ?"

ಆಕೆ ನಿಟ್ಟುಸಿರು ಬಿಟ್ಟಳು. "ಹಂಗಾರೆ ಬರ್ಕಳ್ರಿ. ಹನ್ನೆರಡು ದಿನ ಶೇಂಗಾ ಸುಲಿಯಾಕೆ ಹೋಗಿದ್ದೆ. ಅದ್ರಾಗೆ ಒಂದಿನ ಮಧ್ಯಾಹ್ನಕ್ಕೇ ಎದ್ದು ಬಂದೆ, ಹೊಟ್ಟೆನೋವಿತ್ತು. ಸುಲಿಯುವಾಗ ತಿಂದಿದ್ದೂ ಬರೀತೀರಾ?"

"ಅದೆಲ್ಲ ಬೇಡಮ್ಮ."

"ಬರೀರಿ ತಾಯಿ. ದಿನಾ ಒಂದ್ ಬೊಗಸೆ. ಸೊಸೆಗೂ ಒಂದಿಷ್ಟು ಮಡ್ಲಾಗೆ ಹಾಕ್ಕಂಡು ಹೋಗಿದ್ದೆ, ಬಸುರಿ ಹೆಂಗ್ಸು."

ಬರೆದೆ. ಹೆಬ್ಬೆಟ್ಟು ಒತ್ತಿ, ಕಂಬಳಿಯ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡು ಹೊರಗೆ ಹೋದಳು. ಹೊರಗೆ ಏನೋ ಗುಸುಗುಸು ಎದ್ದಿತು. ಆಮೇಲೆ ಬಂದವರೆಲ್ಲ ಕಾಲು ತೊಳೆದೇ ಬಂದರು, ಎಲ್ಲರೂ ಸಿಮೆಂಟಿನ ಮೇಲೇ ಕೂತರು, ಎಲ್ಲರೂ ಹೇಳಿದರು. ಒಬ್ಬ ಎರಡು ಮದುವೆಗೆ ಉರುಮೆ ಬಾರಿಸಿದ್ದ. "ಒಂದ್ ಮದ್ವೇಲಿ ದುಡ್ಡೇ ಕೊಡ್ಲಿಲ್ಲ ಮೇಡಂ, ಅದ್ನೂ ಬರ್ಕಳ್ರಿ. ಸರ್ಕಾರದೋರು ಏನಾರ ವಸೂಲಿ ಮಾಡಿಸ್ತಾರಾ?" ಎಂದು ಕೇಳಿದ. ಇನ್ನೊಬ್ಬ, ಭಾವಮೈದುನನ ಕುರಿ ಕಾದದ್ದು ಕೆಲಸವೋ ನೆಂಟಸ್ತಿಕೆಯೋ ಎಂದು ನನ್ನನ್ನೇ ತೀರ್ಮಾನಿಸಲು ಹೇಳಿದ. ದೇವಸಮುದ್ರದ ಕಡೆಯಿಂದ ಬಂದಿದ್ದ ಗೌರಮ್ಮ ಎಂಬ ಹುಡುಗಿ 'ಏನೂ ಇಲ್ಲ' ಎಂದು ಬಾಯಿ ತೆರೆದದ್ದೇ ತಡ, ಜೊತೆಗೆ ಬಂದಿದ್ದ ಅವಳ ಅತ್ತೆ ಬೆನ್ನಿಗೆ ಗುದ್ದಿ, "ಇಕ್ಕಡ ಅಬದ್ಧಂ ಚೆಪ್ಪಕೂಡದು!" ಎಂದು ತೆಲುಗಿನಲ್ಲಿ ಗದರಿದಳು. ನನಗೆ ತೆಲುಗು ಬರುತ್ತಿರಲಿಲ್ಲ. ಹುಡುಗಿ ತಲೆ ತಗ್ಗಿಸಿ, ಮನೆಯಲ್ಲಿ ಕಂಡಿಕೆ ಸುತ್ತುತ್ತೇನೆ ಎಂದಳು.

ಕೊನೆಯವನು ತಿಪ್ಪೇಸ್ವಾಮಿ. ಮೂವತ್ತರ ಪ್ರಾಯದವನು. ಬಹಳ ಹೊತ್ತು ಬಾಗಿಲಿಗೆ ಒರಗಿ ಕಂಬಳಿಯನ್ನೇ ನೋಡುತ್ತಿದ್ದ. ಕೊನೆಗೆ ಬಂದು ಕೂತು, "ಎಣ್ಣೆ ಗಿರಣ್ಯಾಗೆ ಅದೀನಿ ಮೇಡಂ. ನಾಕ್ ತಿಂಗಳಾತು. ದಿನಾ ಹಾಜ್ರಿ ಹಾಕ್ತಾರೆ" ಎಂದ. ನಾನು ಬರೆಯುವುದನ್ನು ನೋಡುತ್ತಾ, "ಎಲ್ಲಾ ಬರೀತೀರಾ?" ಎಂದು ಕೇಳಿದ. "ಹೇಳಿದ್ದೆಲ್ಲ ಬರೀಬೇಕಲ್ವಾ" ಎಂದೆ.

ಒಂದು ಗಂಟೆಗೆ ಕರೀಂ ಸಾಬರು ಬಂದರು. ಬಾಗಿಲಲ್ಲೇ ನಿಂತುಬಿಟ್ಟರು.

"ಮೇಡಂ, ಇದನ್ನ ಯಾರು ಹಾಸಿದ್ದು?"

"ನಾನೇ."

"ಚೊಂಬು?"

"ಕುಡಿಯೋ ನೀರು."

"ಎಲೆ ಅಡಿಕೆ?"

"ನೀವೇ ತಂದಿದ್ದಲ್ವಾ ಸಾಬರೇ, ಮದುವೇದು."

"ಯಾ ಅಲ್ಲಾ. ಖತಂ!" ಎಂದು ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು. "ಏನೇನ್ ಹೇಳಿದ್ರು?"

"ಎಲ್ಲಾ ಹೇಳಿದ್ರು. ಎಷ್ಟು ಪ್ರಾಮಾಣಿಕ ಜನ!"

ಆಗ ಅವರು ನನಗೆ ಪಾಠ ಮಾಡಿದರು. ಈ ಸೀಮೆಯ ಹಟ್ಟಿಗಳಲ್ಲಿ ಕರಿ ಕಂಬಳಿ ಹಾಸಿ, ನಡುವೆ ನೀರಿನ ಚೊಂಬಿಟ್ಟು, ಎಲೆ ಅಡಿಕೆ ಇಟ್ಟರೆ ಅದು ಗದ್ದಿಗೆ. ದೇವರು ಬಂದು ಕೂರುವ ಜಾಗ. ಅದರ ಮುಂದೆ ಕೂತವರು ಸುಳ್ಳಾಡಬಾರದು. ಗೌರಮ್ಮನ ಅತ್ತೆ ತೆಲುಗಿನಲ್ಲಿ ಗದರಿದ್ದೂ ಅದನ್ನೇ. ಹೊಲದ ಗಡಿಯ ಜಗಳಗಳೆಲ್ಲ ಅಲ್ಲೇ ತೀರುತ್ತವೆ. "ನಾನು ಸಾಬ. ನಾನೂ ಅದರ ಮುಂದೆ ಸುಳ್ಳು ಹೇಳಲ್ಲ ಮೇಡಂ. ನೀವು ಮೂವತ್ತೆಂಟು ಜನರನ್ನ ದೇವರ ಮುಂದೆ ಕೂರಿಸಿ, ಕೆಲಸ ಮಾಡ್ತೀಯಾ ಅಂತ ಕೇಳಿದೀರಿ!"

ಬರೆಯುವ ಭರದಲ್ಲಿ ಮರೆತದ್ದು ನನಗೆ ಆಗ ಹೊಳೆಯಿತು. ಬೇರೆ ಕೆಲಸ ಕಂಡುಬಂದರೆ ಪರಿಹಾರ ನಿಲ್ಲುತ್ತದೆ. ಒಬ್ಬರದ್ದಲ್ಲ, ಮೂವತ್ತೆಂಟು ಮನೆಗಳದ್ದು. ಎಲ್ಲವೂ ನನ್ನ ಅಕ್ಷರದಲ್ಲಿ, ಅವರ ಹೆಬ್ಬೆಟ್ಟಿನೊಂದಿಗೆ, ಪುಟ ಸಂಖ್ಯೆ ಹಾಕಿ ಮೊಹರು ಮಾಡಿದ ರಿಜಿಸ್ಟರಿನಲ್ಲಿ ಇತ್ತು. ಒಂದು ಹಾಳೆ ಹರಿದರೂ ನನ್ನ ಕೆಲಸ ಹೋಗುತ್ತಿತ್ತು. ಮುಂದಿನ ಬುಧವಾರ ಬೆಂಗಳೂರಿನಿಂದ ತಪಾಸಣೆಯ ಸಾಹೇಬರು ಬರುವವರಿದ್ದರು, ಅವರು ಮೊದಲು ಕೇಳುವುದೇ ಆ ರಿಜಿಸ್ಟರು.

ಸಂಜೆ ಮಹಾದೇವಪ್ಪನವರು ಬಂದು ಓದಿದರು. ಒಳ್ಳೆಯ ಮನುಷ್ಯ, ಆದರೆ ಧೈರ್ಯ ಕಡಿಮೆ. ಪುಟ ತಿರುವಿದಂತೆಲ್ಲ ಅವರ ಮುಖ ಸಣ್ಣದಾಗುತ್ತಾ ಹೋಯಿತು.

"ಏನಮ್ಮ ಇದು? 'ದಿನಕ್ಕೆ ಒಂದು ಬೊಗಸೆ ಶೇಂಗಾ ತಿಂದಿರುತ್ತೇನೆ' ಅಂತ ಸರ್ಕಾರಕ್ಕೆ ಬರೆದಿದೀಯಲ್ಲ! ಕೇಳು ಅಂತ ನಿನಗೆ ಹೇಳಿದ್ದು ಯಾರು?"

"ಫಾರಂನಲ್ಲೇ ಇದೆ ಸಾರ್, ವಿಚಾರಿಸಿ ಬರೆಯತಕ್ಕದ್ದು ಅಂತ."

"ಫಾರಂನಲ್ಲಿ ಏನೇನೋ ಇರುತ್ತೆ ಕಣಮ್ಮ!"

ಅವರೊಂದು ಉಪಾಯ ಮಾಡಿದರು. ಮರುದಿನ ಎಲ್ಲರನ್ನೂ ಮತ್ತೆ ಕರೆಸಿ, ನಿನ್ನೆಯದು ಗಾಬರಿಯಲ್ಲಿ ಹೇಳಿದ್ದು ಎಂದು ಹೊಸ ಹೇಳಿಕೆ ಪಡೆಯುವುದು. ಪಕ್ಕದ ಹೋಟೆಲಿನಿಂದ ಬೆಂಚು ತರಿಸಿದರು. ಕಂಬಳಿಯನ್ನು ಮಡಿಚಿ ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ತಮ್ಮ ಜೇಬಿನಲ್ಲೇ ಇಟ್ಟುಕೊಂಡರು.

ಶುಕ್ರವಾರ ಎಲ್ಲರೂ ಬಂದರು. ಬೆಂಚಿನ ಮೇಲೆ ಆರಾಮಾಗಿ ಕೂತರು, ಟೀ ಕುಡಿದರು. ಮಹಾದೇವಪ್ಪನವರು ವಿಷಯ ಹೇಳಿದಾಗ ಓಬಮ್ಮ ಎದ್ದು ನಿಂತಳು.

"ಸಾಹೇಬ್ರೆ, ನಿನ್ನೆ ಗದ್ದಿಗೆ ಮುಂದೆ ಆಡಿದ ಮಾತು ಇವತ್ತು ಓಟ್ಲು ಬೆಂಚಿನ ಮ್ಯಾಗೆ ಕುಂತು ಬದಲಾಯ್ಸಾಕೆ ಆಗ್ತೈತಾ?"

"ದುಡ್ಡು ನಿಂತೋಗುತ್ತಮ್ಮ ನಿಮ್ದು!"

"ನಿಂತ್ರೆ ನಿಲ್ಲಲಿ. ನನ್ನ ಸೊಸೆ ಬಸುರಿ ಅದಾಳೆ. ಮಾತು ತಪ್ಪಿದ ದೋಷ ಹೊಟ್ಯಾಗಿರೋ ಕೂಸಿನ ಮ್ಯಾಗೆ ಬಂದ್ರೆ ನೀವು ಪರಿಹಾರ ಕೊಡ್ತೀರಾ?"

ಹಿರಿಯರು ಎದ್ದು ಹೋದರು. ಕಿರಿಯರು ಮಾತ್ರ ಅಲ್ಲೇ ನಿಂತು ನನ್ನನ್ನೇ ದುರುಗುಟ್ಟಿ ನೋಡಿದರು. ಅವರಿಗೆ ಬೇರೆಯೇ ಅನುಮಾನ ಹುಟ್ಟಿತ್ತು. ಮೇಡಂ ಬೇಕೆಂದೇ ಗದ್ದಿಗೆ ಹಾಸಿ, ಜನರ ಭಕ್ತಿಯನ್ನು ಬಳಸಿಕೊಂಡು ಬಾಯಿ ಬಿಡಿಸಿದ್ದಾರೆ ಎಂದು.

ಶನಿವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಕಚೇರಿಯ ಮುಂದೆ ಜನ ಸೇರಿದರು. ಕಾರ್ಮಿಕರಿಗಿಂತ ಅವರ ಅಣ್ಣ ತಮ್ಮಂದಿರು, ಅಳಿಯಂದಿರೇ ಹೆಚ್ಚು. "ಹೊರಗೆ ಬರ್ರಿ ಮೇಡಂ!" ಎಂಬ ಕೂಗು. ಕಿಟಕಿಯ ಸರಳು ಹಿಡಿದು ಅಲ್ಲಾಡಿಸುವ ಸದ್ದು. ಮಹಾದೇವಪ್ಪನವರು ಬಚ್ಚಲಿಗೆ ಹೋದವರು ಹೊರಗೆ ಬರಲೇ ಇಲ್ಲ. ಕರೀಂ ಸಾಬರು ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಹೊರಗೆ ಓಬಮ್ಮ ಒಬ್ಬಳೇ ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಬೈಯುತ್ತಿದ್ದಳು. "ಲೇ, ಆಕಿ ತಿಳ್ದು ಹಾಸಿದ್ಲೇನ್ರೋ? ಆಕಿ ಊರು ಯಾವ್ದು ಕೇಳ್ರಿ ಮೊದ್ಲು! ಮಂಡ್ಯದಾಗೆ ಕಬ್ಬು ಬಿಟ್ರೆ ಏನೈತಿ? ಆಕಿಗೆ ಕಂಬಳಿ ಯಾವ್ದು, ಗೋಣಿಚೀಲ ಯಾವ್ದು ಗೊತ್ತಿಲ್ಲ!"

ನನ್ನ ಪರವಾಗಿ ಯಾರಾದರೂ ಮಾತಾಡಿದ್ದು ಆ ದಿನ ಅದೊಂದೇ. ಆಮೇಲೆ ಅದನ್ನು ನೆನೆದು ಎಷ್ಟೋ ಸಲ ನಕ್ಕಿದ್ದೇನೆ. ಆಗ ಮಾತ್ರ ಏನಾದರೂ ಮಾಡುತ್ತಿರಬೇಕು ಎಂದು ಮೊಹರಿನ ಪ್ಯಾಡಿಗೆ ನೇರಳೆ ಶಾಯಿ ಹಾಕುತ್ತಾ ಕೂತಿದ್ದೆ. ಮೇಜು ಕಿಟಕಿಯ ಪಕ್ಕ. ಮೇಜಿನ ಮೇಲೆ ರಿಜಿಸ್ಟರ್ ಬಿಡಿಸಿತ್ತು, ಅದರ ಪಕ್ಕ ಶಾಯಿಯ ಸೀಸೆ, ಮುಚ್ಚಳ ತೆಗೆದಿತ್ತು.

ಗಾಜು ಒಡೆಯಿತು. ಬಲಗಿವಿಯ ಪಕ್ಕ ಏನೋ ಸುಂಯ್ ಎಂದು ಹೋಯಿತು. ಗಾಳಿ ಕೆನ್ನೆಗೆ ತಗುಲಿತು. ನಿಂಬೆಹಣ್ಣಿನಷ್ಟು ದೊಡ್ಡ ಕಲ್ಲು. ಅದು ಸೀಸೆಗೆ ಬಡಿಯಿತು, ಸೀಸೆ ಮಗುಚಿತು, ಶಾಯಿ ದಪ್ಪ ಧಾರೆಯಾಗಿ ರಿಜಿಸ್ಟರಿನ ಕಡೆ ಹರಿಯತೊಡಗಿತು.

ನಾನು ಏನು ಮಾಡಿದೆ ಗೊತ್ತೇ? ಎರಡೂ ಕೈಯಿಂದ ರಿಜಿಸ್ಟರನ್ನು ಎತ್ತಿ ಎದೆಗವಚಿಕೊಂಡೆ. ಒಂದು ಹನಿ ಶಾಯಿಯೂ ಅದಕ್ಕೆ ತಾಗಲಿಲ್ಲ.

"ಬಿಡ್ರಿ ಮೇಡಂ! ಬಿಡ್ರಿ!" ಎಂದು ಕರೀಂ ಸಾಬರು ಬಾಗಿಲ ಹತ್ತಿರದಿಂದ ಅರಚಿದರು. "ಅದು ಹಾಳಾಗೋದೇ ಬೇಕಿತ್ತಲ್ರಿ ನಮಗೆ!"

ಅಷ್ಟರಲ್ಲಿ ತಡವಾಗಿತ್ತು. ಮೂವತ್ತೆಂಟು ಮನೆಗಳನ್ನು ಉಳಿಸಬಹುದಾಗಿದ್ದ ಒಂದು ಅಪಘಾತದಿಂದ ನಾನು ಆ ರಿಜಿಸ್ಟರನ್ನು ಕಾಪಾಡಿದ್ದೆ. ಶಾಯಿ ಮೇಜಿನಿಂದ ಇಳಿದು ನನ್ನ ಸೀರೆಯನ್ನೆಲ್ಲ ನೇರಳೆ ಮಾಡಿತು.

ಕಲ್ಲು ಬಿದ್ದದ್ದೇ ಹೊರಗಿನ ಗದ್ದಲ ನಿಂತಿತು. ತಾವು ಅಷ್ಟಕ್ಕೆ ಬಂದಿರಲಿಲ್ಲ ಎಂದು ಜನರಿಗೇ ಗಾಬರಿಯಾಯಿತು. ಓಬಮ್ಮನ ದನಿಯೊಂದೇ ಕೇಳುತ್ತಿತ್ತು. "ಯಾವನ್ಲೇ ಅವ್ನು? ಹೆಂಗ್ಸಿನ ತೆಲಿಗೆ ಕಲ್ಲೊಗೆಯೋ ಗಂಡಸು ಯಾವನ್ಲೇ?" ಐದು ನಿಮಿಷದಲ್ಲಿ ಬೀದಿ ಖಾಲಿ. ಬಚ್ಚಲ ಬಾಗಿಲು ಸ್ವಲ್ಪ ತೆರೆಯಿತು. "ಹೋದ್ರಾ?" ಎಂದು ಮಹಾದೇವಪ್ಪನವರು ಕೇಳಿದರು.

ಆ ದಿನದಿಂದ ನನ್ನ ನಿದ್ದೆ ಕೆಟ್ಟಿತು. ಬಾಡಿಗೆ ಮನೆಯಲ್ಲಿ ಮಲಗಿದರೆ ಕಿವಿಯ ಪಕ್ಕ ಅದೇ ಸದ್ದು. ಯಾರೋ ನನ್ನ ತಲೆಗೆ ಗುರಿಯಿಟ್ಟು ಒಗೆದಿದ್ದರು. ನಾಲ್ಕು ಬೆರಳಿನಷ್ಟು ತಪ್ಪಿತ್ತು. ಮುಂದಿನ ಸಲ ತಪ್ಪದಿದ್ದರೆ? ಕಾರಣವಿಲ್ಲದ ದ್ವೇಷವಾಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ಇದಕ್ಕೆ ಕಾರಣವಿತ್ತು.

ಬುಧವಾರ ತಪಾಸಣೆಯ ಸಾಹೇಬರು ಬಂದರು. ತೆಳ್ಳಗಿನ, ಮಾತು ಕಡಿಮೆ ಆಡುವ ಮನುಷ್ಯ, ಹೊಟ್ಟೆಯ ಹುಣ್ಣಿನಿಂದಾಗಿ ಮಜ್ಜಿಗೆ ಅನ್ನ ಬಿಟ್ಟು ಬೇರೇನೂ ತಿನ್ನುತ್ತಿರಲಿಲ್ಲ. ಅವರ ಚೀಲದಲ್ಲಿ ಒಂದು ಕಟ್ಟು ಮೂಗರ್ಜಿಗಳಿದ್ದವು. ಯಾರು ಎಲ್ಲೆಲ್ಲಿ ಕದ್ದು ಕೆಲಸ ಮಾಡುತ್ತಾರೆಂದು, ಹೆಸರು ಹಾಕದವರು ಬೆಂಗಳೂರಿಗೆ ಬರೆದ ದೂರುಗಳು. ಅವರು ಒಂದೊಂದನ್ನೇ ಓದಿ ನಮ್ಮ ರಿಜಿಸ್ಟರಿನಲ್ಲಿ ಹೆಸರು ಹುಡುಕತೊಡಗಿದರು. ಮಹಾದೇವಪ್ಪನವರು ಕಣ್ಣು ಮುಚ್ಚಿಕೊಂಡು ಏನೋ ಜಪಿಸುತ್ತಿದ್ದರು.

"ಓಬಮ್ಮ, ಶೇಂಗಾ ಸುಲಿಯುತ್ತಾಳೆ ಅಂತ ದೂರು," ಎಂದರು ಸಾಹೇಬರು. ಪುಟ ತೆರೆದರು. ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು. "ಇದರಲ್ಲಿ ದೂರಿನಲ್ಲಿರೋದಕ್ಕಿಂತ ಜಾಸ್ತಿ ಇದೆಯಲ್ರೀ. ಬೊಗಸೆ ಲೆಕ್ಕ ಅವರಿಗೂ ಗೊತ್ತಿಲ್ಲ."

ಹೀಗೇ ಹದಿಮೂರು ದೂರುಗಳು. ಹದಿಮೂರೂ ರಿಜಿಸ್ಟರಿನಲ್ಲಿ ಮೊದಲೇ ಇದ್ದವು, ಅವರವರ ಬಾಯಲ್ಲೇ. ಸಾಹೇಬರು ರಿಜಿಸ್ಟರ್ ಮುಚ್ಚಿ, "ನಾಳೆ ಒಂದೆರಡು ಮನೆ ನೋಡೋಣ" ಎಂದರು.

ಮರುದಿನ ಬಸ್ಸಿನಲ್ಲಿ ಅವರನ್ನು ದೇವಸಮುದ್ರದ ಕಡೆ ಗೌರಮ್ಮನ ಮನೆಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವರು ಹೊಟ್ಟೆ ಹಿಡಿದುಕೊಂಡಿದ್ದರು, ನಾನು ಕಿಟಕಿಯಿಂದ ದೂರ ಕೂತಿದ್ದೆ. ಗೌರಮ್ಮ ರಾಟೆಯ ಮುಂದೆ ರೇಷ್ಮೆ ಎಳೆಯನ್ನು ಕಂಡಿಕೆಗೆ ಸುತ್ತುತ್ತಿದ್ದಳು. ನಮ್ಮನ್ನು ಕಂಡು ಏಳಲಿಲ್ಲ, ಎದ್ದರೆ ಎಳೆ ಸಿಕ್ಕಾಗುತ್ತದೆ. "ಇದು ಎಷ್ಟು ಹೊತ್ತಿನ ಕೆಲಸ?" ಎಂದರು ಸಾಹೇಬರು.

"ಮಗ ಮಲಗಿದ್ದಷ್ಟು ಹೊತ್ತು ಸಾರ್. ಎದ್ದ ಅಂದ್ರೆ ಬಂದ್."

"ಕೊಡಮ್ಮ, ನೋಡೋಣ." ಸಾಹೇಬರು ಪ್ಯಾಂಟು ಮಡಿಚಿ ರಾಟೆಯ ಮುಂದೆ ಕೂತರು. ಎರಡು ಸುತ್ತು ತಿರುಗಿಸಿದರೋ ಇಲ್ಲವೋ ಎಳೆ ಪಟ್ಟೆಂದು ಹರಿಯಿತು. ಗೌರಮ್ಮನ ಅತ್ತೆ ಒಳಗಿನಿಂದ ಬಂದವಳೇ ತೆಲುಗಿನಲ್ಲಿ ಬೈಗುಳ ಸುರಿಸಿದಳು. ಬೆಂಗಳೂರಿನ ಸಾಹೇಬರು ಎಂದು ನಾನು ಹೇಳಿದೆ. ಆಕೆ ಬೈಗುಳವನ್ನು ಅರ್ಧಕ್ಕೆ ನಿಲ್ಲಿಸಿ, ಒಂದು ಲೋಟ ಮಜ್ಜಿಗೆ ತಂದು ಅವರ ಕೈಗಿಟ್ಟು, ಉಳಿದ ಅರ್ಧವನ್ನು ಅವರು ಕುಡಿಯುವಾಗ ಪೂರ್ತಿ ಮಾಡಿದಳು. ಸಾಹೇಬರು ಮಜ್ಜಿಗೆ ಬಹಳ ಚೆನ್ನಾಗಿದೆ ಎಂದರು. ಇನ್ನೊಂದು ಲೋಟ ಕೇಳಿ ಪಡೆದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಹೇಳಿದರು: "ನೋಡಮ್ಮ, ಬೇರೆ ಊರುಗಳಲ್ಲಿ ಎಲ್ಲರ ಮುಂದೂ 'ಇಲ್ಲ' ಅಂತಲೇ ಇರುತ್ತೆ. ದೂರು ನೋಡಿದರೆ ಎಲ್ಲಾ ಕೆಲಸ ಮಾಡ್ತಿರ್ತಾರೆ. ಯಾರದ್ದು ಕೂಲಿ, ಯಾರದ್ದು ನೌಕರಿ ಅಂತ ಗೊತ್ತಾಗದೆ ಎಲ್ಲರದ್ದೂ ತಡೆಹಿಡಿದು ಬರ್ತೀನಿ. ಇಲ್ಲಿ ನೀವು ಬೊಗಸೆ ಸಮೇತ ಬರೆದಿದೀರಿ. ಮಗ ಮಲಗಿದಾಗ ದಾರ ಸುತ್ತೋದು ನೌಕರಿ ಅಲ್ಲ. ನಿಯಮ ಕೇಳೋದು, ಬೇರೊಂದು ಸಂಸ್ಥೆಯಲ್ಲಿ ಖಾಯಂ ಆಗಿ ಸೇರಿದಾರಾ ಅಂತ, ಅಷ್ಟೆ. ಇಷ್ಟು ವಿವರವಾಗಿ ಬರೆಯೋಕೆ ನಿಮಗೆ ಯಾರು ಹೇಳಿಕೊಟ್ಟರು?"

ಕಂಬಳಿಯ ವಿಷಯ ಹೇಳಲು ನನಗೆ ಧೈರ್ಯ ಬರಲಿಲ್ಲ. "ಅವರೇ ಹೇಳಿದರು ಸಾರ್, ನಾನು ಬರೆದೆ" ಎಂದೆ. ಅದೂ ನಿಜವೇ.

ಒಂದು ತಿಂಗಳಿಗೆ ಆದೇಶ ಬಂತು. ಮೂವತ್ತೇಳು ಜನರ ಪರಿಹಾರ ಮುಂದುವರಿಯಿತು. ಒಬ್ಬರದ್ದು ನಿಂತಿತು. ದಿನವೂ ಹಾಜರಿ ಹಾಕುವ ಎಣ್ಣೆ ಗಿರಣಿಯಲ್ಲಿದ್ದ ತಿಪ್ಪೇಸ್ವಾಮಿಯದ್ದು.

ಓಬಮ್ಮ ಬಂದು ಮೊಮ್ಮಗಳು ಹುಟ್ಟಿದ ಸುದ್ದಿ ಹೇಳಿ, ಬೆಲ್ಲದ ಅಚ್ಚು ಕೊಟ್ಟು ಹೋದಳು. ಕಚೇರಿ ಹಗುರಾಯಿತು. ಮಹಾದೇವಪ್ಪನವರು ಎಲ್ಲವೂ ತಮ್ಮ ಮಾರ್ಗದರ್ಶನದಲ್ಲಿ ನಡೆದದ್ದು ಎಂದು ದುರ್ಗದ ಸಭೆಯಲ್ಲಿ ಹೇಳಿದರಂತೆ. ನನಗೆ ಮಾತ್ರ ನಿದ್ದೆ ಬರಲಿಲ್ಲ. ಒಡೆದ ಕಿಟಕಿಗೆ ರಟ್ಟು ಅಂಟಿಸಿದ್ದೆವು. ಗಾಜು ಹಾಕಿಸಲು ಮೇಲಿನ ಕಚೇರಿಗೆ ಮೂರು ಪತ್ರ ಬರೆದದ್ದಕ್ಕೆ, ಗಾಜು ಒಡೆದ ಕಲ್ಲನ್ನು ದಾಖಲೆಗಾಗಿ ಕಾಯ್ದಿರಿಸಲಾಗಿದೆಯೇ ಎಂದು ಕೇಳಿ ಒಂದು ಉತ್ತರ ಬಂತು. ಕಲ್ಲು ಕರೀಂ ಸಾಬರ ಬಳಿ ಇತ್ತು, ಅವರು ಕಡತದ ಹಾಳೆಗಳು ಹಾರದಂತೆ ಅದನ್ನು ಇಡುತ್ತಿದ್ದರು. ನಾನು ಆ ಮೇಜನ್ನೇ ಬದಲಾಯಿಸಿಕೊಂಡು ಗೋಡೆ ಪಕ್ಕ ಹೋದೆ. ಬೀದಿಯಲ್ಲಿ ನಡೆಯುವಾಗ ಪ್ರತಿ ಗಂಡಸಿನ ಕೈ ನೋಡುತ್ತಿದ್ದೆ. ವರ್ಗಾವಣೆಗೆ ಅರ್ಜಿಯನ್ನೂ ಬರೆದಿಟ್ಟುಕೊಂಡಿದ್ದೆ.

ಸುಮಾರು ನಾಲ್ಕು ತಿಂಗಳಾಗಿರಬೇಕು. ಒಂದು ಸೋಮವಾರ ಮಧ್ಯಾಹ್ನ ತಿಪ್ಪೇಸ್ವಾಮಿ ಸೈಕಲ್ ತಳ್ಳಿಕೊಂಡು ಬಂದ. ಹಿಂದೆ ಗೋಣಿಚೀಲದಲ್ಲಿ ಸುತ್ತಿದ ಚೌಕಾಕಾರದ ವಸ್ತು. ಒಳಗೆ ಬಂದು ನಿಂತ. ನಾನು ಕುರ್ಚಿಯನ್ನು ಹಿಂದಕ್ಕೆ ಸರಿಸಿದೆ. ಪರಿಹಾರ ಕಳೆದುಕೊಂಡ ಒಬ್ಬನೇ ಮನುಷ್ಯ.

"ಗಾಜು ತಂದೀನಿ ಮೇಡಂ," ಎಂದ. "ಕಿಟಕಿಗೆ. ಅಳತೆ ಆವತ್ತೇ ಹೊರಗಿಂದ ನೋಡ್ಕಂಡಿದ್ದೆ."

"ಯಾರು ಕಳಿಸಿದ್ದು?"

"ಯಾರೂ ಕಳ್ಸಿಲ್ಲ. ಒಡ್ದೋನು ನಾನೇ ಅಲ್ವಾ."

ಕರೀಂ ಸಾಬರು ಧಡಕ್ಕನೆ ಎದ್ದರು. ನಾನು ಕೈ ಎತ್ತಿ ತಡೆದೆ. ಯಾಕೆ ತಡೆದೆನೋ ಗೊತ್ತಿಲ್ಲ.

"ನನ್ನನ್ನ ಸಾಯಿಸ್ತಿದ್ದೆಯಲ್ಲ ತಿಪ್ಪೇಸ್ವಾಮಿ," ಎಂದೆ. "ತಲೆಗೆ ಗುರಿಯಿಟ್ಟು ಒಗೆದೆಯಲ್ಲ."

ಅವನು ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಪಾಪ, ಅವನಿಗೆ ನಿಜವಾಗಿಯೂ ಅವಮಾನವಾಗಿತ್ತು.

"ನಿಮ್ ತೆಲಿಗಾ? ಏನ್ ಮೇಡಂ ಹಿಂಗಂತೀರಾ! ಹತ್ತು ವರ್ಷ ಕುರಿ ಕಾಯ್ದೋನು ನಾನು. ನೂರು ಮಾರು ದೂರ ಇರೋ ಟಗರಿನ ಕೊಂಬಿಗೆ ಕಲ್ಲೊಗ್ದು ತಿರುಗ್ಸೋನು. ನಿಮ್ ತೆಲಿಗೆ ಒಗ್ದಿದ್ರೆ ತೆಲಿಗೇ ಬೀಳ್ತಿತ್ತು." ಅವನು ಕಿಟಕಿಯ ಕಡೆ ಕೈ ತೋರಿಸಿದ. "ಎದುರು ಮನೆ ಕಟ್ಟೆ ಮ್ಯಾಗೆ ನಿಂತಿದ್ದೆ. ಸೀಸೆ ಮುಚ್ಚಳ ತೆಗ್ದಿದ್ರಿ. ರಿಜಿಸ್ಟರು ಪಕ್ಕದಾಗೇ ಇತ್ತು. ಸೀಸೆ ಬಿದ್ರೆ ಶಾಯಿ ಹರ್ದು ಎಲ್ಲರ ಹೆಸ್ರೂ ಹೋಗ್ತಾವೆ ಅಂತ ಸೀಸೆಗೇ ಒಗ್ದೆ. ಸೀಸೆಗೇ ಬಿತ್ತು. ನೀವು ಎತ್ತಿ ಎದೆಗೆ ಅವಚ್ಕಂಡ್ರಿ!"

ಕರೀಂ ಸಾಬರು ಮೊದಲು ನಕ್ಕರು. ಆಮೇಲೆ ನಾನು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು, ನಿಲ್ಲಿಸಲು ಆಗಲಿಲ್ಲ, ಮೇಜಿಗೆ ತಲೆಯಿಟ್ಟುಬಿಟ್ಟೆ. ತಿಪ್ಪೇಸ್ವಾಮಿ ಗಾಬರಿಯಾಗಿ, "ಕಿವಿ ಪಕ್ಕ ಹೋಯ್ತು ಅಂತ ನಂಗೂ ಗೊತ್ತು ಮೇಡಂ. ಮಧ್ಯ ನೀವಿದ್ರಿ, ಏನ್ ಮಾಡ್ಲಿ? ಹೆದ್ರಿದ್ರೇನು?" ಎಂದು ಕೇಳುತ್ತಲೇ ಇದ್ದ.

"ನಿನ್ನ ಪರಿಹಾರ ಹೋಯ್ತಲ್ಲ," ಎಂದೆ ಕೊನೆಗೆ.

"ಹೋಯ್ತು. ಮನೇಲಿ ಒಂದಷ್ಟು ದಿನ ಬೈದ್ರು. ಈಗ ಎಣ್ಣೆ ಗಿರಣ್ಯಾಗೆ ಖಾಯಂ ಮಾಡ್ಯಾರೆ." ಅವನು ಆಗಲೇ ಚೌಕಟ್ಟಿನಿಂದ ಒಡೆದ ಚೂರುಗಳನ್ನು ಕೀಳುತ್ತಿದ್ದ. "ಗದ್ದಿಗೆ ಮುಂದೆ ಹೇಳಿದ್ದಕ್ಕೆ ಸಿಟ್ಟಿಲ್ಲ ನಂಗೆ. ನೀವು ಅಷ್ಟು ಜೋರಾಗಿ ಎತ್ಕಂಡಿದ್ದಕ್ಕೆ ಸ್ವಲ್ಪ ಸಿಟ್ಟೈತೆ."

ಅವನು ಗಾಜು ಕೂರಿಸಿ, ಅಂಚಿಗೆ ಗಾಜು ಹಿಡಿದು ನಿಲ್ಲಿಸುವ ಲಪ್ಪ ಹಚ್ಚಿ, ಹೆಬ್ಬೆರಳಿನಿಂದ ನುಣುಪು ಮಾಡಿ ಹೋದ.

ಈಗ ಆ ಕೆಲಸವೆಲ್ಲ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಹೌದು, ಇಲ್ಲ ಎಂಬ ಎರಡು ಚೌಕಗಳು, ಯಾವುದಾದರೂ ಒಂದನ್ನು ಒತ್ತಬೇಕು. ಬೊಗಸೆ ಶೇಂಗಾಕ್ಕೆ, ಮಗ ಮಲಗಿದ್ದಷ್ಟು ಹೊತ್ತಿಗೆ ಅಲ್ಲಿ ಜಾಗವಿಲ್ಲ. ಎದುರು ಕೂತವರು ಮಾತಾಡತೊಡಗಿದರೆ ಒಂದು ಹಾಳೆಯ ಮೇಲಾದರೂ ಬರೆದಿಟ್ಟುಕೊಳ್ಳಿ. ಯಾವತ್ತಾದರೂ ಬೇಕಾಗುತ್ತದೆ.

ಆ ಸೋಮವಾರ ಮನೆಗೆ ಹೋಗಿ ಅನ್ನ ಸಾರು ಉಂಡು, ಬಟ್ಟೆ ಬದಲಾಯಿಸದೆ ಹಾಗೇ ಮಲಗಿದೆ. ಕಣ್ಣು ಬಿಟ್ಟಾಗ ಬಿಸಿಲು ಹಾಸಿಗೆಯ ಮೇಲೆ ಕಾಲಿನವರೆಗೆ ಬಂದಿತ್ತು. ಓಡುತ್ತಾ ಕಚೇರಿಗೆ ಹೋದರೂ ಒಂದು ಗಂಟೆ ತಡ. ಮಹಾದೇವಪ್ಪನವರು ಗಂಟು ಮುಖ ಮಾಡಿಕೊಂಡು, ತಡವಾದ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು ಎಂದರು. ಒಂದು ಬಿಳಿ ಹಾಳೆ ತೆಗೆದುಕೊಂಡು, 'ರಾತ್ರಿಯಿಡೀ ನಿದ್ದೆ ಬಂದಿತ್ತು' ಎಂದು ಬರೆದು ಸಹಿ ಮಾಡಿಕೊಟ್ಟೆ.